ಈ ಫೋಟೋ ತೆಗೆದ ಲೆನ್ಸ್ ಯಾವುದು?

ನಮ್ಮ ದೊಡ್ಡಪ್ಪ ನ್ಯಾಮತಿಯಲ್ಲಿ 1991ರಿಂದ 2015ರವರೆಗೆ ಫೋಟೋ ಸ್ಟುಡಿಯೋ ನಡೆಸಿದವರು. ಅವರು 2003ರಲ್ಲಿ ತೆಗೆದ ಒಂದು ಫೋಟೋ ಈಗ ನನ್ನ ಲ್ಯಾಪ್‌ಟಾಪಿನಲ್ಲಿದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದರೆ ಹೀಗೆ ಬರುತ್ತೆ: ಕ್ಯಾಮೆರಾ ನಿಕಾನ್ ಡಿ5300, ಲೆನ್ಸ್ 40 ಎಂಎಂ, ತೆಗೆದ ದಿನ 2025ರ ಜುಲೈ. ಆ ಕ್ಯಾಮೆರಾ ಮಾರುಕಟ್ಟೆಗೆ ಬಂದಿದ್ದೇ 2013ರಲ್ಲಿ. ಫೋಟೋದಲ್ಲಿ ಸೇರು ಒದೀತಿರೋ ಮದುಮಗಳು ನಮ್ಮಮ್ಮ. ಕಂಪ್ಯೂಟರ್ ಮಾತು ನಂಬೋದಾದ್ರೆ ನಮ್ಮಮ್ಮನ ಮದುವೆ ನನ್ನ ಸೆಕೆಂಡ್ ಸೆಮ್ ರಜೆಯಲ್ಲಿ ನಡೆದಿದೆ!

ಆಗಿದ್ದು ಇಷ್ಟೇ. ದೊಡ್ಡಪ್ಪನ ನೆಗೆಟಿವ್‌ಗಳು ಅಟ್ಟದ ಮೇಲಿನ ಟ್ರಂಕಿನಲ್ಲಿದ್ದವು. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯೋಕೆ ಶುರುವಾಗಿತ್ತು. ಸೀನಿಯರ್ ಒಬ್ಬರ ಡಿ5300 ಮತ್ತು 40 ಎಂಎಂ ಮೈಕ್ರೋ ಲೆನ್ಸ್ ಇಸ್ಕೊಂಡು ಹೋಗಿ, ಕೆಳಗಡೆ ಎಲ್‌ಇಡಿ ಪ್ಯಾಡ್ ಇಟ್ಟು, ಒಂದೊಂದೇ ನೆಗೆಟಿವ್‌ನ ಫೋಟೋ ಹೊಡೆದೆ. ಅಂದ್ರೆ ಫೋಟೋದ ಫೋಟೋ. ಕ್ಯಾಮೆರಾ ತನಗೆ ಗೊತ್ತಿದ್ದದ್ದನ್ನ ಬರೆದುಕೊಂಡಿದೆ, ಸುಳ್ಳೇನೂ ಹೇಳಿಲ್ಲ. ಆದ್ರೆ ನನಗೆ ಬೇಕಾಗಿದ್ದು ಬೇರೆ: ಜಗಲಿ ಎದುರಿಗೆ ಅವತ್ತು ನಿಂತಿದ್ದ ಕ್ಯಾಮೆರಾ ಯಾವುದು, ಅದರ ಮೂತಿಗೆ ಹಾಕಿದ್ದ ಲೆನ್ಸ್ ಯಾವುದು ಅನ್ನೋದು.

ಇದೆಲ್ಲ ಯಾಕೆ ಬೇಕು ಅಂತ ರೂಮ್‌ಮೇಟ್ ಕೇಳಿದ. ಹಳೇ ಪ್ರಿಂಟ್ ಒಂದನ್ನ ತಿರುಗಿಸಿ ತೋರಿಸಿದೆ. ಹಿಂದೆ ನೀಲಿ ಇಂಕಿನ ಸ್ಟುಡಿಯೋ ಸೀಲು: ‘ನ್ಯಾಮತಿ, ಹೊನ್ನಾಳಿ ತಾ., ಶಿವಮೊಗ್ಗ ಜಿ.’ ಇನ್ನೊಂದು ಪ್ರಿಂಟಲ್ಲಿ ‘ದಾವಣಗೆರೆ ಜಿ.’ ಅಂತಿದೆ. ಊರು ಕದಲಲಿಲ್ಲ, ಜಿಲ್ಲೆ ಬದಲಾಯ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗದಿಂದ ಆ ಕಡೆ ಹೋದವು. ಈಗ ನ್ಯಾಮತಿಯೇ ಬೇರೆ ತಾಲ್ಲೂಕು. ಹಾಗಾಗಿ ಸೀಲು ನೋಡಿದ್ರೆ ಸಾಕು, ಆ ಪ್ರಿಂಟು 97ರ ಆಚೆಯದೋ ಈಚೆಯದೋ ಅಂತ ಹೇಳಿಬಿಡಬಹುದು. ಚಿತ್ರದೊಳಗೆ ಇಲ್ಲದ, ಆದ್ರೆ ಚಿತ್ರದ ಜೊತೆಗೇ ಓಡಾಡೋ ಮಾಹಿತಿ. ಮೆಟಾಡೇಟಾ ಅಂದ್ರೆ ಇದೇ. ಡಿಜಿಟಲ್ ಫೋಟೋದಲ್ಲಿ ಈ ಸೀಲನ್ನ ಎಕ್ಸಿಫ್ ಅಂತಾರೆ. ಜಪಾನಿನ ಕಂಪನಿಗಳ ಸಂಘ 1995ರಲ್ಲಿ ಮಾಡಿದ ಸ್ಟ್ಯಾಂಡರ್ಡ್ ಅದು. ಜೆಪೆಗ್ ಫೈಲಿನ ಶುರುವಿನಲ್ಲಿ, ಚಿತ್ರದ ಡೇಟಾ ಬರೋದಕ್ಕೆ ಮುಂಚೆ, 64 ಕೆಬಿ ಮೀರದ ಒಂದು ತುಂಡಿನಲ್ಲಿ ಕೂತಿರುತ್ತೆ. ಅದನ್ನ ತಿದ್ದಿದ್ರೆ ಚಿತ್ರದ ಒಂದು ಪಿಕ್ಸೆಲ್ ಕೂಡ ಅಲುಗಾಡಲ್ಲ.

ತಿದ್ದೋಕೆ ನಾನು ಬಳಸಿದ್ದು ಎಕ್ಸಿಫ್‌ಟೂಲ್. ಕೆನಡಾದ ಫಿಲ್ ಹಾರ್ವೆ ಅನ್ನೋರು 2003ರಿಂದ ಪರ್ಲ್‌ನಲ್ಲಿ ಬರೀತಾ ಬಂದಿರೋ ಪ್ರೋಗ್ರಾಂ, ಪುಕ್ಕಟೆ. ಕಮಾಂಡ್ ಲೈನ್ ಅಂತ ಹೆದರಬೇಡಿ, ನಮ್ಮ ಸಿ ಲ್ಯಾಬಿಗಿಂತ ಸುಲಭ. ತಿದ್ದೋದಕ್ಕೆ ಮುಂಚೆ ಮೂಲ ಫೈಲಿನ ನಕಲನ್ನ ತಾನೇ ತೆಗೆದಿಡುತ್ತೆ, ಬೇಡ ಅಂತ ನೀವು ಹೇಳೋವರೆಗೂ. ನೂರಾರು ಫೋಟೋ ಇದ್ರೆ ಎಕ್ಸೆಲ್‌ನಲ್ಲಿ ಫೈಲಿನ ಹೆಸರು, ತಾರೀಖು, ಲೆನ್ಸ್ ಅಂತ ಕಾಲಂ ಮಾಡಿ ಸಿಎಸ್‌ವಿ ಕೊಟ್ಟರೆ ಎಲ್ಲಾ ಫೈಲಿಗೂ ಒಂದೇ ಏಟಿಗೆ ಬರೆದು ಮುಗಿಸುತ್ತೆ.

ತಾರೀಖಿನ ಕೆಲಸ ಬೇಗ ಮುಗೀತು. ಎಕ್ಸಿಫ್ ಮಾಡಿದವರು ಈ ವಿಷಯದಲ್ಲಿ ಜಾಣರು, ಎರಡು ಜಾಗ ಇಟ್ಟಿದ್ದಾರೆ: ಮೂಲ ಚಿತ್ರ ತೆಗೆದ ದಿನ ಒಂದು, ಅದು ಡಿಜಿಟಲ್ ಆದ ದಿನ ಇನ್ನೊಂದು. ಮಾಮೂಲಿ ಕ್ಯಾಮೆರಾದಲ್ಲಿ ಎರಡೂ ಒಂದೇ ಆಗಿರೋದ್ರಿಂದ ನಮಗೆ ಗಮನಕ್ಕೆ ಬರಲ್ಲ. ನೆಗೆಟಿವ್‌ಗೆ ಹೇಳಿ ಮಾಡಿಸಿದ ಹಾಗಿದೆ. ಮೊದಲನೇ ಜಾಗಕ್ಕೆ 2003, ಎರಡನೇ ಜಾಗಕ್ಕೆ 2025. ದೊಡ್ಡಪ್ಪನ ಆರ್ಡರ್ ಪುಸ್ತಕದಲ್ಲಿ ತಾರೀಖುಗಳೆಲ್ಲ ಕನ್ನಡ ಅಂಕಿಯಲ್ಲಿವೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಆ ಕೈಬರಹದಲ್ಲಿ ಆರು, ಒಂಬತ್ತು ಎರಡೂ ಅಣ್ಣ ತಮ್ಮಂದಿರ ಹಾಗೆ ಕಾಣೋದು. ಅಮ್ಮ ಪಕ್ಕದಲ್ಲಿ ಕೂತು ಓದಿ ಹೇಳಿದಳು, ನಾನು ಟೈಪ್ ಮಾಡಿದೆ.

ಲೆನ್ಸಿಗೆ ಮಾತ್ರ ಎರಡು ಜಾಗ ಇಲ್ಲ. ಲೆನ್ಸಿನ ಹೆಸರು, ಕಂಪನಿ, ಸೀರಿಯಲ್ ನಂಬರಿಗೆಲ್ಲ ಸರಿಯಾದ ಜಾಗ ಕೊಟ್ಟಿದ್ದೇ 2010ರ ಎಕ್ಸಿಫ್ 2.3ರಲ್ಲಿ. ಅಲ್ಲಿವರೆಗೂ ಒಂದೊಂದು ಕಂಪನಿ ಒಂದೊಂದು ಗುಟ್ಟಿನ ಸಂಖ್ಯೆ ಬರೀತಿದ್ದವು. ಸಿಗ್ಮಾದವರ ಕೆಲವು ಲೆನ್ಸ್‌ಗಳು ಕ್ಯಾನನ್‌ನ ಸಂಖ್ಯೆಯನ್ನೇ ಎರವಲು ತಗೊಂಡು ಕ್ಯಾನನ್ ಕ್ಯಾಮೆರಾದಲ್ಲಿ ಕೂರ್ತಿದ್ದವು. ಒಂದೇ ಸಂಖ್ಯೆಗೆ ಮೂರು ನಾಲ್ಕು ಲೆನ್ಸ್. ಎಕ್ಸಿಫ್‌ಟೂಲ್ ಇವತ್ತಿಗೂ ಅಂಥ ಕಡೆ ಫೋಕಲ್ ಲೆಂಗ್ತ್ ನೋಡಿ ಇದಿರಬಹುದು ಅಂತ ಊಹೆ ಮಾಡುತ್ತೆ. ಲೈಕಾ ಕಥೆ ಇನ್ನೂ ಮಜಾ. 2006ರ ಎಂ8 ಕ್ಯಾಮೆರಾದಿಂದ ಲೆನ್ಸಿನ ಹಿಂಬದಿ ಲೋಹದ ಮೇಲೆ ಆರು ಚುಕ್ಕೆ, ಕಪ್ಪು ಇಲ್ಲಾ ಬಿಳಿ. ಆರು ಬಿಟ್, 64 ಕಾಂಬಿನೇಷನ್. ಕ್ಯಾಮೆರಾ ಚುಕ್ಕೆ ಓದಿ ಲೆನ್ಸ್ ಯಾವುದು ಅಂತ ತಿಳ್ಕೊಳ್ಳುತ್ತೆ. ಹಳೇ ಲೆನ್ಸ್ ಇಟ್ಕೊಂಡವರು ಏನ್ಮಾಡಿದ್ರು? ಮಾರ್ಕರ್ ಪೆನ್ ತಗೊಂಡು ತಾವೇ ಚುಕ್ಕೆ ಬರ್ಕೊಂಡ್ರು. ಲಕ್ಷಗಟ್ಟಲೆ ಕ್ಯಾಮೆರಾ, ಅದಕ್ಕೆ ಸ್ಕೆಚ್ ಪೆನ್ನಿನ ಸಾಕ್ಷಿ!

ದೊಡ್ಡಪ್ಪನ ಹತ್ರ ಇದ್ದದ್ದು ಮೂರೇ. ಶುರುವಿನಲ್ಲಿ ಸೆಕೆಂಡ್ ಹ್ಯಾಂಡ್ ಯಾಶಿಕಾ ಮ್ಯಾಟ್ 124ಜಿ, ಮೇಲಿಂದ ಬಗ್ಗಿ ನೋಡೋ ಡಬ್ಬಿ ಕ್ಯಾಮೆರಾ. ಅದರ ಲೆನ್ಸು 80 ಎಂಎಂ, ಎಫ್ 3.5, ಬಿಚ್ಚೋ ಹಾಗೇ ಇಲ್ಲ. ಆಮೇಲೆ 1996ರಲ್ಲಿ ನಿಕಾನ್ ಎಫ್‌ಎಂ10, ಅದರ ಜೊತೆಗೇ ಬರೋ 35-70 ಝೂಮ್. ಮೂರನೆಯದು 1998ರಲ್ಲಿ ಶಿವಮೊಗ್ಗದಲ್ಲಿ ಕೊಂಡ ಹಳೇ ನಿಕ್ಕೋರ್ 50 ಎಂಎಂ, ಎಫ್ 1.8. ಝೂಮ್‌ಗಿಂತ ಹೆಚ್ಚುಕಮ್ಮಿ ನಾಲ್ಕು ಪಟ್ಟು ಬೆಳಕು ಒಳಗೆ ಬಿಡೋ ಲೆನ್ಸು. ಅದರ ಬಗ್ಗೆ ಮಾತಾಡುವಾಗ ದೊಡ್ಡಪ್ಪನ ದನಿಯೇ ಬೇರೆ ಆಗುತ್ತೆ. ‘ಫ್ಲಾಶ್ ಇಲ್ದೆ ಲಾಟೀನ್ ಬೆಳಕಲ್ಲಿ ಹೊಡೀತಿದ್ದೆ ತಮ್ಮಾ.’

ಆ ಲೆನ್ಸ್ ಈಗಲೂ ಇದೆ, ನನ್ನ ಹತ್ರಾನೇ ಇದೆ. 1959ರಿಂದ ನಿಕಾನ್ ಅದೇ ಮೌಂಟ್ ಇಟ್ಟುಕೊಂಡು ಬಂದಿದ್ದರಿಂದ ಡಿ5300ಗೆ ಸಲೀಸಾಗಿ ಕೂರುತ್ತೆ. ಕೂತ ಮೇಲೆ ಮಾತ್ರ ಕ್ಯಾಮೆರಾ ಕುರುಡು. ಲೆನ್ಸಿನಲ್ಲಿ ಚಿಪ್ ಇಲ್ಲ, ಹೇಳೋರು ಯಾರು? ಮೀಟರ್ ಕೆಲಸ ಮಾಡಲ್ಲ, ಫೋಕಸ್ ನಾವೇ ತಿರುಗಿಸಬೇಕು, ಎಕ್ಸಿಫ್‌ನಲ್ಲಿ ಫೋಕಲ್ ಲೆಂಗ್ತ್ 0, ಅಪರ್ಚರ್ 0. ಸೊನ್ನೆ ಎಂಎಂ ಲೆನ್ಸ್! ಡಿ7000 ಸರಣಿಯಂಥ ದೊಡ್ಡ ಕ್ಯಾಮೆರಾಗಳಲ್ಲಿ ಚಿಪ್ ಇಲ್ಲದ ಒಂಬತ್ತು ಲೆನ್ಸ್‌ಗಳ ವಿವರ ಮೊದಲೇ ತುಂಬಿಡಬಹುದು, ನಮ್ಮ ಬಡ ಡಿ5300ಗೆ ಆ ಭಾಗ್ಯ ಇಲ್ಲ. ಆ ಫೋಟೋಗಳಿಗೆಲ್ಲ 50, 1.8 ಅಂತ ಬರೆದೆ. ಮುಂದಿನ ರಿಂಗಿನ ಮೇಲಿರೋ ಸೀರಿಯಲ್ ನಂಬರನ್ನೂ ಸೇರಿಸಿದೆ. ಇಲ್ಲಿ ತಿದ್ದೋದು ಅಂದ್ರೆ ಇಲ್ಲದ ನಿಜಾನ ತುಂಬೋದು, ಅಷ್ಟೇ.

ಇಷ್ಟು ಕೇಳಿ ಹಾಸ್ಟೆಲ್‌ನಲ್ಲಿ ಒಬ್ಬನ ತಲೆ ಓಡ್ತು. ‘ಹಂಗಾದ್ರೆ ಮೊಬೈಲ್ ಫೋಟೋಗೆ ಲೈಕಾ ಅಂತ ಬರೀಬೋದಾ ಮಗಾ?’ ಬರೀಬೋದು. ಕಮಾಂಡ್ ಅದೇ, ಎಕ್ಸಿಫ್‌ಟೂಲ್ ಏನೂ ಕೇಳಲ್ಲ. ಅದಕ್ಕೇ ಕೆಲವು ಸ್ಪರ್ಧೆಗಳಲ್ಲಿ ಮೂಲ ರಾ ಫೈಲ್ ಕೊಡಿ ಅಂತಾರೆ. ಎಕ್ಸಿಫ್ ನೋಡಿ ಸಾಕ್ಷಿ ಸಿಕ್ತು ಅನ್ನೋರನ್ನ ಕಂಡ್ರೆ ನನಗೆ ನಗು ಬರುತ್ತೆ. ರಬ್ಬರ್ ಸ್ಟಾಂಪು ಯಾರ ಕೈಲಿದ್ರೂ ಒತ್ತುತ್ತೆ.

ಹಾಗಾಗಿ ನೆಗೆಟಿವ್‌ಗಳ ವಿಷಯದಲ್ಲಿ ನನಗೆ ನಾನೇ ಒಂದು ನಿಯಮ ಹಾಕ್ಕೊಂಡೆ. ಚಿತ್ರ ಹೇಳಬೇಕು, ಇಲ್ಲಾ ದೊಡ್ಡಪ್ಪ ಹೇಳಬೇಕು. ಎರಡೂ ಇಲ್ಲದಿದ್ದರೆ ಖಾಲಿ. ಜೊತೆಗೆ, ನಕಲು ತೆಗೆದ ರಾ ಫೈಲಿನಲ್ಲಿ 40 ಎಂಎಂ ಹಾಗೇ ಇರಲಿ, ಕೊನೆಗೆ ಮಾಡೋ ಜೆಪೆಗ್‌ಗೆ ಮಾತ್ರ ಹಳೇ ಲೆನ್ಸ್ ಬರೀಬೇಕು ಅಂತ. ಇದಕ್ಕೆ ಕಾರಣ ಇದೆ. ಡಾರ್ಕ್‌ಟೇಬಲ್ ಥರದ ಸಾಫ್ಟ್‌ವೇರ್ ಎಕ್ಸಿಫ್‌ನಲ್ಲಿರೋ ಲೆನ್ಸಿನ ಹೆಸರು ನೋಡಿ ಆ ಲೆನ್ಸಿನ ಡೊಂಕು ಸರಿಮಾಡುತ್ತೆ. ರಾ ಫೈಲಿಗೆ ಝೂಮ್ ಹೆಸರು ಕೊಟ್ಟರೆ, ಡೊಂಕೇ ಇಲ್ಲದ ಕಡೆ ಡೊಂಕು ತೆಗೆಯೋಕೆ ಹೋಗಿ ಹೊಸದಾಗಿ ಡೊಂಕು ಮಾಡುತ್ತೆ.

ಯಾಶಿಕಾ ಫಿಲ್ಮಲ್ಲಿ ತಕರಾರೇ ಇಲ್ಲ. ಚೌಕಾಕಾರದ ದೊಡ್ಡ ನೆಗೆಟಿವ್, ಅಂದ್ರೆ 80 ಎಂಎಂ. ಪೇಚಾಟ ಇರೋದು ಎಫ್‌ಎಂ10ರ ಸಣ್ಣ ನೆಗೆಟಿವ್‌ಗಳಲ್ಲಿ. 50ಆ, ಝೂಮಾ?

ದೊಡ್ಡಪ್ಪನಿಗೆ ಶುಗರ್. ಕಣ್ಣಿಗೆ ಎರಡು ಸಲ ಲೇಸರ್ ಆಗಿದೆ. ನೆಗೆಟಿವ್ ಎತ್ತಿ ಹಿಡಿದರೆ ಕಾಣಲ್ಲ, ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದ್ರೆ ಸುಮಾರಾಗಿ ಕಾಣುತ್ತೆ. ಸಂಜೆ ಕಾಫಿ ಆದ ಮೇಲೆ ಒಂದು ಗಂಟೆ ಕೂರೋದು, ಆಮೇಲೆ ಕಣ್ಣಲ್ಲಿ ನೀರು ಬರ್ತಿತ್ತು. ಆ ಒಂದು ಗಂಟೆಯಲ್ಲಿ ಅವರು ಹೇಳಿದ್ದು ನೋಡಿ ನನಗೆ ಆಶ್ಚರ್ಯ. ಯಾರು, ಯಾವ ಊರು, ಅವತ್ತು ಬಿಸಿಲಿತ್ತಾ ಮೋಡವಾ, ದುಡ್ಡು ಕೊಟ್ರಾ ಬಾಕಿ ಇಟ್ರಾ, ಎಲ್ಲಾ ನೆನಪಿದೆ.

ಸೂರಗೊಂಡನಕೊಪ್ಪದ ಒಂದು ರೋಲ್ ಬಂತು. ಸಂತ ಸೇವಾಲಾಲರು ಹುಟ್ಟಿದ ಊರು ನಮ್ಮ ತಾಲ್ಲೂಕಿನಲ್ಲೇ ಇದೆ, ಫೆಬ್ರವರಿಯಲ್ಲಿ ಜಯಂತಿಗೆ ಎಲ್ಲೆಲ್ಲಿಂದಲೋ ಲಂಬಾಣಿ ಜನ ಬರ್ತಾರೆ. ಒಂದು ಫೋಟೋದಲ್ಲಿ ಮುಂದೆ ಒಬ್ಬ ಅಜ್ಜಿ, ಹಿಂದೆ ಕನ್ನಡಿ ಹೊಲಿದ ಬಟ್ಟೆಯ ಹೆಂಗಸರ ಗುಂಪು. ಗುಂಪು ಫೋಕಸ್‌ನಲ್ಲಿಲ್ಲ. ಬಿಸಿಲು ಬಿದ್ದ ಒಂದೊಂದು ಕನ್ನಡಿಯೂ ಒಂದೊಂದು ಬೆಳಕಿನ ಬಿಲ್ಲೆ ಆಗಿದೆ. ದೊಡ್ಡದು ಮಾಡಿ ಎಣಿಸಿದೆ: ಏಳು ಮೂಲೆ. 50 ಎಂಎಂ ಲೆನ್ಸನ್ನ ಕಿಟಕಿಗೆ ಹಿಡಿದು ಒಳಗಿನ ಎಸಳು ಎಣಿಸಿದೆ. ಏಳು. ಅಪರ್ಚರ್ ಪೂರ್ತಿ ತೆಗೆದಿದ್ರೆ ಬಿಲ್ಲೆ ದುಂಡಗೆ ಬರುತ್ತೆ, ಒಂದು ಸ್ವಲ್ಪ ಮುಚ್ಚಿದ್ರೆ ಎಸಳಿನ ಮೂಲೆ ಕಾಣುತ್ತೆ. ದೊಡ್ಡಪ್ಪ ಬಿಲ್ಲೆ ಗಿಲ್ಲೆ ನೋಡ್ಲೇ ಇಲ್ಲ. ‘50. ಎಫ್ 2.8 ಇರ್ಬೇಕು’ ಅಂದ್ರು. ಬರೆದೆ.

ಹೀಗೇ ಮೂರು ದಿನ ಚೆನ್ನಾಗಿ ನಡೀತು. ನಾಲ್ಕನೇ ದಿನ ಬಂದಿದ್ದು ಶುರುವಿನಲ್ಲಿ ಹೇಳಿದ ಸೇರು ಒದೆಯೋ ಫೋಟೋ. ನಮ್ಮ ಮನೆಯಲ್ಲಿ ಇದರ ಪ್ರಿಂಟ್ ಹಜಾರದ ಗೋಡೆ ಮೇಲಿದೆ, ನಾನು ಹುಟ್ಟಿದಾಗಿಂದ ನೋಡಿದ್ದೀನಿ. ಬಂದವರಿಗೆಲ್ಲ ದೊಡ್ಡಪ್ಪ ಹೇಳೋ ಮಾತೂ ಕೇಳಿದ್ದೀನಿ: ‘ತಮ್ಮನ ಮದುವೆ, 50ರಲ್ಲೇ ಹೊಡೆದಿದ್ದು.’

ಆದ್ರೆ ಫೋಟೋದಲ್ಲಿ ಜಗಲಿಯ ಎರಡೂ ಕಂಬ ಕಾಣುತ್ತವೆ. ಎಡಗಡೆ ಕಂಬ ಹೊರಗಡೆಗೆ ಬಿಲ್ಲಿನ ಹಾಗೆ ಒಂಚೂರು ಬಾಗಿದೆ. ಝೂಮ್‌ಗಳು 35ರ ಕಡೆ ಹೀಗೆ ಬಾಗಿಸೋದು ಮಾಮೂಲು. ನಾನು ಟೇಪ್ ತಗೊಂಡು ಹೊರಗೆ ಹೋದೆ. ಜಗಲಿ ಈಗಲೂ ಹಾಗೇ ಇದೆ. ಕಂಬದಿಂದ ಕಂಬಕ್ಕೆ 9 ಅಡಿ 4 ಇಂಚು. ಎದುರು ಮನೆ ಗೋಡೆಗೆ ಬೆನ್ನು ಒತ್ತಿ ನಿಂತರೆ ಕಣ್ಣಿನಿಂದ ಕಂಬದ ಸಾಲಿಗೆ 11 ಅಡಿ, ಅದಕ್ಕಿಂತ ಹಿಂದೆ ಹೋಗೋಕೆ ಆಗಲ್ಲ. ಫಿಲ್ಮಿನ ಅಗಲ 36 ಎಂಎಂ. ಹೈಸ್ಕೂಲಿನ ಸಮರೂಪ ತ್ರಿಭುಜ ಸಾಕು: 36ನ್ನ 11ರಿಂದ ಗುಣಿಸಿ 50ರಿಂದ ಭಾಗಿಸಿದ್ರೆ 7.9 ಅಡಿ. ಅಂದ್ರೆ 50ರಲ್ಲಿ ಎರಡು ಕಂಬ ಒಟ್ಟಿಗೆ ಹಿಡಿಸೋದೇ ಇಲ್ಲ. 35ರಿಂದ ಭಾಗಿಸಿದ್ರೆ 11.3 ಅಡಿ, ಆರಾಮಾಗಿ ಹಿಡಿಸುತ್ತೆ. ಫೋಟೋದಲ್ಲಿ ಕಂಬಗಳ ನಡುವಿನ ಜಾಗ ಚಿತ್ರದ ಅಗಲದಲ್ಲಿ ಶೇಕಡಾ 82. ಲೆಕ್ಕ ತಿರುಗಿಸಿ ಹಾಕಿದ್ರೂ 35ರ ಹತ್ತಿರಾನೇ ಬರುತ್ತೆ.

‘ದೊಡ್ಡಪ್ಪಾ, ಇದು ಝೂಮ್ ಅನ್ಸುತ್ತೆ.’

‘50 ಐತೆ ಅದು. ಬರ್ಕೋ.’

‘ಎರಡು ಕಂಬಾನೂ ಬಂದಿದೆಯಲ್ಲ. ಅಲ್ಲಿ ಹಿಂದೆ ಗೋಡೆ...’

‘ಏ, ನಾನು ಹೊಡ್ದಿದ್ದು ನನಗೆ ಗೊತ್ತಿಲ್ವೇನೋ?’

ಅಡುಗೆಮನೆಯಿಂದ ದೊಡ್ಡಮ್ಮ ಅಂದ್ರು, ‘50 ಎಲ್ಲಿತ್ತು ಆ ವರ್ಷ? ಶಿವಮೊಗ್ಗದಲ್ಲಿ ಅಡ ಇಟ್ಟಿದ್ರಲ್ಲ, ಬೋರ್ ಕೊರ್ಸೋಕೆ.’

ಆ ಎರಡು ಮೂರು ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತ್ತು. ಮೆಕ್ಕೆಜೋಳದ ಹೊಲದಲ್ಲಿ ಬೋರ್ ಕೊರೆಸಿದ್ರಂತೆ, ನೀರು ಬರಲಿಲ್ಲ. ಲೆನ್ಸ್ ಬಿಡಿಸ್ಕೊಂಡು ಬಂದಿದ್ದು 2005ರಲ್ಲಿ. ಅಪ್ಪನಿಗೇ ಈ ವಿಷಯ ಗೊತ್ತಿರಲಿಲ್ಲ. ಪೇಪರ್ ಓದ್ತಿದ್ದವರು ತಲೆ ಎತ್ತಿ ಅಣ್ಣನ ಮುಖ ನೋಡಿದ್ರು, ಮತ್ತೆ ಪೇಪರಿಗೆ ತಲೆ ಹಾಕಿದ್ರು. ದೊಡ್ಡಪ್ಪ ‘ಕಣ್ಣು ಉರೀತೈತೆ, ಇವತ್ತಿಗೆ ಸಾಕು’ ಅಂತ ಎದ್ದು ಹೋದರು.

ಆ ರಾತ್ರಿ ಸಿಎಸ್‌ವಿ ಮುಂದೆ ಬಹಳ ಹೊತ್ತು ಕೂತಿದ್ದೆ. ಒಂದು ಕಾಲಂ, ಒಂದು ಖಾನೆ. 50 ಅಂತ ಬರೆದ್ರೆ ಯಾರಿಗೆ ನಷ್ಟ? ಇಡೀ ಪ್ರಪಂಚದಲ್ಲಿ ಈ ಫೈಲಿನ ಎಕ್ಸಿಫ್ ತೆಗೆದು ನೋಡೋನು ನಾನೊಬ್ಬನೇ. ದೊಡ್ಡಪ್ಪನ ಮಾತೇ ಸಾಕ್ಷಿ ಅಂತ ನಿಯಮ ಮಾಡಿದವನೂ ನಾನೇ. ಆದ್ರೆ ಇದೊಂದಕ್ಕೆ 50 ಅಂತ ಬರೆದ್ರೆ ಅಜ್ಜಿ ಫೋಟೋಗೆ ಬರೆದ 50ಕ್ಕೆ ಏನು ಬೆಲೆ? ಆ ಏಳು ಮೂಲೆ ಎಣಿಸಿದ್ದು ಯಾಕೆ? ಇನ್ನೊಂದು ಕಡೆಯಿಂದ ಯೋಚಿಸಿದ್ರೆ, ಎಫ್ 3.5ರ ಕಿಟ್ ಝೂಮಿನಲ್ಲಿ, ಗೋಡೆಗೆ ಬೆನ್ನು ಒತ್ತಿ, ಚಪ್ಪರದ ನೆರಳಲ್ಲಿ, ಸೇರು ಉರುಳಿ ಅಕ್ಕಿ ಇನ್ನೂ ಗಾಳಿಯಲ್ಲಿರೋವಾಗ ಹಿಡಿದಿದ್ದಾರೆ. ಒಳ್ಳೇ ಲೆನ್ಸ್ ಕೈಲಿಲ್ಲದ ವರ್ಷ. ನನ್ನ ಕಣ್ಣಿಗೆ ಇದು 50ಕ್ಕಿಂತ ದೊಡ್ಡ ವಿಷಯ. ಇದನ್ನ ದೊಡ್ಡಪ್ಪನಿಗೆ ಹೇಳೋದು ಹೇಗೆ ಅಂತ ಗೊತ್ತಾಗಲಿಲ್ಲ.

ಹೇಳೋದು ಬೇಕಾಗಲಿಲ್ಲ. ಬೆಳಗ್ಗೆ ಹಲ್ಲುಜ್ಜೋವಾಗ ಅವರೇ ಬಂದು ಪಕ್ಕದಲ್ಲಿ ನಿಂತ್ರು. ‘ಅದಕ್ಕೆ ಏನಂತ ಬರ್ದೆ?’

‘ಇನ್ನೂ ಬರೆದಿಲ್ಲ.’

‘35-70 ಅಂತ್ಲೇ ಬರಿ. ಎಫ್ ಎಷ್ಟು ಅಂತ ನೆನಪಿಲ್ಲ, ಅದನ್ನ ಬಿಡು.’ ಸ್ವಲ್ಪ ಹೊತ್ತು ಬಿಟ್ಟು, ‘ಆ ಝೂಮೂ ಕೆಟ್ಟದ್ದೇನಲ್ಲ’ ಅಂದ್ರು.

ಬರೆದೆ. ಲೆನ್ಸ್ ವಿವರದ ಖಾನೆಗೆ ನಾಲ್ಕು ಸಂಖ್ಯೆ ಬೇಕು: 35, 70, 3.5, 4.8. ಫೋಕಲ್ ಲೆಂಗ್ತ್ 35. ಅವತ್ತಿನ ಅಪರ್ಚರ್ ಖಾಲಿ. ಗೊತ್ತಿಲ್ಲ ಅನ್ನೋದಕ್ಕೂ ಎಕ್ಸಿಫ್‌ನಲ್ಲಿ ಒಂದು ದಾರಿ ಇದೆ. ಲೆನ್ಸ್ ವಿವರದ ನಾಲ್ಕೂ ಸಂಖ್ಯೆ ಭಿನ್ನರಾಶಿಯಲ್ಲಿರುತ್ತವೆ, ಲೆನ್ಸಿನ ಎಫ್ ನಂಬರ್ ಗೊತ್ತಿಲ್ಲದಿದ್ದರೆ ಸೊನ್ನೆಯ ಕೆಳಗೆ ಸೊನ್ನೆ ಬರೆಯಿರಿ ಅಂತ ಸ್ಟ್ಯಾಂಡರ್ಡೇ ಹೇಳುತ್ತೆ. ಮ್ಯಾಥ್ಸ್ ಮೇಡಂ ನೋಡಿದ್ರೆ ಬೈತಾರೆ, ಆದ್ರೆ ನನಗೆ ಆ ಸೊನ್ನೆ ಬಟಾ ಸೊನ್ನೆ ಬಹಳ ಹಿಡಿಸ್ತು.

ಬೋರ್‌ವೆಲ್ ವಿಷಯ, ಯಾರ್ಯಾರು ಚಿತ್ರದಲ್ಲಿದ್ದಾರೆ ಅನ್ನೋದು, ಇದನ್ನೆಲ್ಲ ವಿವರಣೆಯ ಖಾನೆಗೆ ಕನ್ನಡದಲ್ಲೇ ಹಾಕಿದೆ. ಇಲ್ಲಿ ನಮ್ಮ ಕನ್ನಡ ಸಂಘದವರಿಗೆ ಒಂದು ಮಾತು. ಹಳೇ ಎಕ್ಸಿಫ್‌ನ ವಿವರಣೆ ಖಾನೆ ಬರೀ ಆಸ್ಕಿ, ಇಂಗ್ಲಿಷ್ ಅಕ್ಷರಕ್ಕೆ ಮಾಡಿದ್ದು. ಯುಟಿಎಫ್-8ಗೆ ಅಧಿಕೃತವಾಗಿ ಜಾಗ ಸಿಕ್ಕಿದ್ದು 2023ರ ಎಕ್ಸಿಫ್ 3.0ರಲ್ಲಿ. ಅದಕ್ಕೇ ಕನ್ನಡವನ್ನ ಎಕ್ಸ್‌ಎಂಪಿ ಅನ್ನೋ ಇನ್ನೊಂದು ಭಾಗದಲ್ಲಿ ಬರೆಯೋದು ಒಳ್ಳೇದು, ಅದು ಮೊದಲಿಂದಲೂ ಯೂನಿಕೋಡ್. ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ ನೇರವಾಗಿ ಕನ್ನಡ ಟೈಪ್ ಮಾಡೋಕೆ ಹೋಗಬೇಡಿ, ಬರೀ ಪ್ರಶ್ನಾರ್ಥಕ ಚಿಹ್ನೆ ಬರಬಹುದು. ಸಿಎಸ್‌ವಿಯನ್ನ ಯುಟಿಎಫ್-8 ಅಂತ ಸೇವ್ ಮಾಡಿ ಕೊಡಿ.

ಇನ್ನೊಂದು ಮಾತು. ಇಷ್ಟೆಲ್ಲ ಕಷ್ಟಪಟ್ಟು ಬರೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ರೆ ವಾಟ್ಸಾಪ್ ಎಲ್ಲಾ ಒರೆಸಿ ಹಾಕುತ್ತೆ. ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ನಾನು ಹಾಗೇ ಕಳಿಸಿದೆ. ಅತ್ತೆ ಒಬ್ಬರು ‘ಯಾಕೋ ಓಪನ್ನೇ ಆಗ್ತಿಲ್ಲ, ಸರಿಯಾಗಿ ಕಳ್ಸು’ ಅಂದ್ರು. ಮತ್ತೆ ಮಾಮೂಲಿ ಫೋಟೋ ಥರಾನೂ ಕಳಿಸಿದೆ.

ಅಡ ಇಟ್ಟ ವಿಷಯ ಮ್ಯಾಗಜಿನ್‌ನಲ್ಲಿ ಬರೀಲಾ ಅಂತ ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿದೆ. ‘ಬರಿ, ನ್ಯಾಮತಿಯಲ್ಲಿ ಯಾರಿಗೆ ಗೊತ್ತಿಲ್ಲ’ ಅಂದ್ರು. ಅಪ್ಪನಿಗೆ ಗೊತ್ತಿರಲಿಲ್ಲವಲ್ಲ ಅನ್ನೋದು ನಾಲಿಗೆ ತುದಿಗೆ ಬಂತು, ಅನ್ನಲಿಲ್ಲ. ಟ್ರಂಕಿನಲ್ಲಿ ಇನ್ನೂ ಎರಡು ಡಬ್ಬ ನೆಗೆಟಿವ್ ಇವೆ, ದಸರಾ ರಜೆಗೆ ಮುಗಿಸಬೇಕು. ಒಂದರ ಮೇಲೆ ಅವರ ಕೈಬರಹದಲ್ಲಿ ‘ಬೇರೆಯವರ ಕ್ಯಾಮೆರಾ’ ಅಂತಿದೆ. ಯಾರದು ಅಂತ ಈ ಸಲ ಮೊದಲು ದೊಡ್ಡಮ್ಮನನ್ನ ಕೇಳ್ತೀನಿ.